ಜಿಡಿಪಿ ಏರಿತು ಸರಿ, ಯಾರ ಪಾಲು ಏರಿತು?

ಸಂಪಾದಕರೇ,

ಜಿಡಿಪಿ, ಅಂದರೆ ದೇಶದ ಒಟ್ಟು ಉತ್ಪಾದನೆಯ ಮೌಲ್ಯ, ಏರಿತು ಅಂತ ಪತ್ರಿಕೆಯಲ್ಲಿ ಸುದ್ದಿ ಹಾಕುತ್ತೀರಿ. ಆದರೆ ದೇಶದ ದುಡಿಯುವ ಜನರಲ್ಲಿ ಶೇ 45ರಷ್ಟು ಮಂದಿ ಬೇಸಾಯ ನಂಬಿದ್ದಾರೆ. ಅವರೆಲ್ಲರಿಗೂ ಸೇರಿ ಸಿಗುವುದು ಒಟ್ಟು ಆದಾಯದ ಐದನೇ ಒಂದು ಭಾಗಕ್ಕಿಂತ ಕಡಿಮೆ. 1950ರ ಸುಮಾರಿಗೆ ಬೇಸಾಯದ ಈ ಪಾಲು ಅರ್ಧದಷ್ಟಿತ್ತು. ದೇಶ ಬೆಳೆದಂತೆ ಬೇಸಾಯದ ಪಾಲು ಇಳಿಯುವುದು ಸಹಜ, ಒಪ್ಪೋಣ. ಆದರೆ ಪಾಲು ಇಳಿದಷ್ಟು ಬೇಗ ಜನ ಹೊಲ ಬಿಟ್ಟು ಹೊರಗೆ ಬರಲಿಲ್ಲ, ಬರೋಣ ಅಂದರೆ ಫ್ಯಾಕ್ಟರಿಗಳಲ್ಲಿ ಅಷ್ಟು ಕೆಲಸವೂ ಇರಲಿಲ್ಲ ಅಲ್ವಾ?

ನಮ್ಮ ಮಂಡ್ಯದ ಕಬ್ಬನ್ನೇ ನೋಡಿ. 2025-26ಕ್ಕೆ ಕೇಂದ್ರ ಗೊತ್ತು ಮಾಡಿದ ಎಫ್‌ಆರ್‌ಪಿ (ಕಾರ್ಖಾನೆ ರೈತರಿಗೆ ಕೊಡಲೇಬೇಕಾದ ಕನಿಷ್ಠ ಬೆಲೆ) ಟನ್ನಿಗೆ 3,550 ರೂಪಾಯಿ. ಅದೂ ಸಕ್ಕರೆ ಇಳುವರಿ, ಅಂದರೆ ಕಬ್ಬಿನ ತೂಕದಲ್ಲಿ ಸಿಗುವ ಸಕ್ಕರೆ, ಶೇ 10.25 ಬಂದರೆ. ಅದರಲ್ಲೇ ಕಟಾವು, ಸಾಗಣೆ ಖರ್ಚು ಕಳೆಯಬೇಕು. ಕಬ್ಬು ಕೊಟ್ಟ ಹದಿನಾಲ್ಕು ದಿನದೊಳಗೆ ಕಾರ್ಖಾನೆ ದುಡ್ಡು ಕೊಡಬೇಕು, ತಡವಾದರೆ ಶೇ 15 ಬಡ್ಡಿ ಅಂತ 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆ ಬಡ್ಡಿಯನ್ನು ನಾನಂತೂ ಕಣ್ಣಲ್ಲಿ ಕಂಡಿಲ್ಲ.

ರಾಷ್ಟ್ರೀಯ ಆದಾಯದ ಲೆಕ್ಕದಲ್ಲಿ ನೌಕರರ ಸಂಬಳ ಬೇರೆ, ಕಂಪನಿಗಳ ಲಾಭ ಬೇರೆ. ಆದರೆ ಸ್ವಂತ ಬೇಸಾಯ ಮಾಡುವವರದ್ದು ಎರಡೂ ಸೇರಿದ ‘ಮಿಶ್ರ ಆದಾಯ’. ಗಂಡ ಹೆಂಡತಿ ಇಬ್ಬರೂ ಗದ್ದೆಯಲ್ಲಿ ಬೆನ್ನು ಬಗ್ಗಿಸಿದ ಕೂಲಿ ಎಷ್ಟು, ಜಮೀನಿನ ಲಾಭ ಎಷ್ಟು ಅಂತ ಅದರಲ್ಲಿ ಗೊತ್ತಾಗುವುದಿಲ್ಲ. ಕೂಲಿ ಕಳೆದು ನೋಡಿದರೆ ಎಷ್ಟೋ ಮನೆಗಳಲ್ಲಿ ಲಾಭ ಮೈನಸ್ಸೇ.

ಫ್ಯಾಕ್ಟರಿ ಕೆಲಸಗಾರರೇನು ಸುಖವಾಗಿಲ್ಲ ಬಿಡಿ. 2019ರಲ್ಲಿ ವಿನಾಯಿತಿ ಬಿಟ್ಟುಕೊಟ್ಟ ಕಂಪನಿಗಳ ತೆರಿಗೆ ದರವನ್ನು ಶೇ 22ಕ್ಕೆ ಇಳಿಸಿದರು. ಉಳಿದ ದುಡ್ಡಲ್ಲಿ ಸಂಬಳಕ್ಕೆ ಎಷ್ಟು ಬಂತು?

ಮುಂದಿನ ಸಲ ಜಿಡಿಪಿ ಸುದ್ದಿ ಹಾಕುವಾಗ ಸುಮ್ನೆ ಒಂದೇ ಅಂಕಿ ಬೇಡ. ಸಂಬಳ, ಬೇಸಾಯ, ಲಾಭ ಮೂರರ ಪಾಲನ್ನೂ ಪಕ್ಕದಲ್ಲೇ ಹಾಕಿ.

– ಕಬ್ಬು ಬೆಳೆಗಾರ, ಮದ್ದೂರು ತಾಲ್ಲೂಕು