ಜ್ಯಾಂಗೋದಲ್ಲಿ ನನ್ನ ಮೊದಲ ಪ್ಯಾಚ್: ಕೂತು ಓದಿದವರಿಗೆಲ್ಲ ಧನ್ಯವಾದ

ಪೈಥಾನ್ ಭಾಷೆಯಲ್ಲಿ ಜಾಲತಾಣ ಕಟ್ಟಲು ಬಳಸುವ ಮುಕ್ತ ಸಾಫ್ಟ್‌ವೇರ್ ಜ್ಯಾಂಗೋ. ಮೊನ್ನೆ ಅದರಲ್ಲಿ ನನ್ನ ಮೊದಲ ಪ್ಯಾಚ್ (ಕೋಡ್ ತಿದ್ದುಪಡಿ) ಮರ್ಜ್ ಆಯಿತು, ಅಂದರೆ ಮೂಲ ಕೋಡ್‌ಗೆ ಸೇರಿತು. ಅಡ್ಮಿನ್ (ತಾಣ ನಿರ್ವಹಿಸುವ ಪುಟಗಳ) ಭಾಗದ ಪುಟ್ಟ ದೋಷವೊಂದರ ರಿಪೇರಿ, ಅಷ್ಟೇ. ಕೋಡ್‌ಗಿಂತ ಅದರ ಟೆಸ್ಟೇ ಉದ್ದ. ಅದಕ್ಕೆ ಬಂದ ಅಭಿನಂದನೆಗಳನ್ನು ನೋಡಿ ಸಂಕೋಚವಾಗುತ್ತಿದೆ. ಬರೆದದ್ದು ನಾನೊಬ್ಬ, ಕೂತು ಓದಿದವರು ಹಲವರು.

ನನ್ನನ್ನು ಈ ಕಡೆ ಎಳೆದದ್ದು ಕನ್ನಡ. ಆಫೀಸಿನಲ್ಲಿ ಕನ್ನಡ ಲೇಖನಗಳ ಜಾಲತಾಣವೊಂದನ್ನು ಕಟ್ಟುತ್ತಿದ್ದೆವು. ಜ್ಯಾಂಗೋ ಹುಟ್ಟಿದ್ದೇ ಅಮೆರಿಕದ ಕ್ಯಾನ್ಸಸ್‌ನ ಪತ್ರಿಕಾ ಕಚೇರಿಯೊಂದರಲ್ಲಿ, ಹೊರಗೆ ಬಂದದ್ದು 2005ರಲ್ಲಿ. ಹಾಗಾಗಿ ಲೇಖನಗಳ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಆದರೆ ಶೀರ್ಷಿಕೆಯಿಂದ ಯುಆರ್‌ಎಲ್ (ಪುಟದ ವಿಳಾಸ) ತಯಾರಿಸುವ ಅದರ ಸ್ಲಗಿಫೈ ಫಂಕ್ಷನ್‌ಗೆ, ಯೂನಿಕೋಡ್ (ಕನ್ನಡದಂಥ ಲಿಪಿಗಳೂ ಸೇರಿದ ಅಕ್ಷರ ಸಂಕೇತ) ಉಳಿಸಿಕೊಳ್ಳುವ ಆಯ್ಕೆ ಹಾಕಿಯೂ, ‘ಬೆಂಗಳೂರು’ ಕೊಟ್ಟರೆ ‘ಬಗಳರ’ ಬಂತು. ‘ಮೈಸೂರು’ ಹೋಗಿ ‘ಮಸರ’ ಆಯಿತು. ಎಲ್ಲರೂ ತಂತಮ್ಮ ಊರಿನ ಹೆಸರು ಹಾಕಿ ನಕ್ಕಿದ್ದೇ ನಕ್ಕಿದ್ದು.

ಕೇಳಿಕೊಂಡು ಹೋದಾಗ ಗುರುತು ಪರಿಚಯ ಇಲ್ಲದ ಒಬ್ಬರು ಸಾವಧಾನವಾಗಿ ಬಿಡಿಸಿ ಹೇಳಿದರು. ನಮ್ಮ ಎತ್ವ, ಕೊಂಬು, ಸೊನ್ನೆಗಳು ಯೂನಿಕೋಡ್ ಲೆಕ್ಕದಲ್ಲಿ ಅಕ್ಷರಗಳಲ್ಲ, ಅಕ್ಷರಕ್ಕೆ ಅಂಟುವ ಗುರುತುಗಳು. ಪೈಥಾನ್‌ನ ರೆಗ್ಯುಲರ್ ಎಕ್ಸ್‌ಪ್ರೆಶನ್ (ಪಠ್ಯದಲ್ಲಿ ಮಾದರಿ ಹುಡುಕುವ ಸಾಧನ) ಅವನ್ನು ಪದದ ಭಾಗವೆಂದು ಎಣಿಸುವುದಿಲ್ಲ, ಸ್ಲಗಿಫೈ ಅದರ ಮಾತು ನಂಬಿ ಎಲ್ಲವನ್ನೂ ಅಳಿಸಿಹಾಕುತ್ತದೆ. ಅಂದರೆ ಬೇರು ಇರುವುದು ಜ್ಯಾಂಗೋದಲ್ಲಲ್ಲ, ಅದರ ಕೆಳಗಿನ ಪೈಥಾನ್‌ನಲ್ಲಿ. ನಮ್ಮ ತಾಣದ ಮಟ್ಟಿಗೆ ಬೇರೆ ಫಂಕ್ಷನ್ ಬರೆದುಕೊಂಡು ಸುಧಾರಿಸಿದೆವು. ಆದರೆ ಆ ಉತ್ತರ ಓದಿದ ಮೇಲೆ ಸೋರ್ಸ್ ಕೋಡ್ ತೆರೆದು ನೋಡಲು ಇದ್ದ ಭಯ ಹೋಯಿತು. ಅವರಿಗೆ ಮೊದಲ ನಮಸ್ಕಾರ.

ಆಮೇಲೆ ಹಿಡಿದದ್ದು ಅಡ್ಮಿನ್‌ನ ಈ ಟಿಕೆಟ್, ಅಂದರೆ ದೋಷದ ದೂರು. ದೋಷ ನಿಜವೇ ಎಂದು ತಾವೇ ಓಡಿಸಿ ನೋಡಿ ‘ಆಕ್ಸೆಪ್ಟೆಡ್’ ಎಂದು ಗುರುತು ಹಾಕಿದವರಿಗೆ ಧನ್ಯವಾದ. ಅದಿಲ್ಲದೆ ಬರೆಯುವುದು ನೀರಲ್ಲಿ ಹೋಮ ಮಾಡಿದಂತೆ. ಇನ್ನು ರಿವ್ಯೂ ಮಾಡಿದವರು! ನಾನು ಟೆಸ್ಟ್ ಓಡಿಸಿದ್ದು ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ಮೇಲೆ. ಅವರು ನನ್ನ ಬ್ರಾಂಚ್ (ತಿದ್ದಿದ ಕೋಡ್‌ನ ಪ್ರತಿ) ಇಳಿಸಿಕೊಂಡು ಪೋಸ್ಟ್‌ಗ್ರೆಸ್ ಎಂಬ ಇನ್ನೊಂದರ ಮೇಲೂ ಓಡಿಸಿ, ‘ಈ ಟೆಸ್ಟ್‌ನ ಹೆಸರು ನೋಡಿದರೆ ದೋಷ ಏನೆಂದು ಗೊತ್ತಾಗಬೇಕಲ್ಲವೇ?’ ಎಂದು ಮೃದುವಾಗಿ ಕೇಳಿದರು. ಕಮಿಟ್ ಸಂದೇಶ (ಬದಲಾವಣೆಯ ಜೊತೆಗಿನ ಟಿಪ್ಪಣಿ) ಭೂತಕಾಲದಲ್ಲಿರಬೇಕು, ಕೊನೆಗೊಂದು ಪೂರ್ಣವಿರಾಮ ಬೇಕು ಎನ್ನುವಷ್ಟು ಶಿಸ್ತು. ಶಾಲೆಯಲ್ಲಿ ಕನ್ನಡ ಮೇಷ್ಟ್ರೂ ನನ್ನ ನೋಟ್‌ಬುಕ್ಕನ್ನು ಇಷ್ಟು ಶ್ರದ್ಧೆಯಿಂದ ತಿದ್ದಿರಲಿಲ್ಲ.

ಜ್ಯಾಂಗೋದಲ್ಲಿ 2020ರಿಂದ ‘ಕೋರ್ ಟೀಮ್’ ಎಂಬುದೇ ಇಲ್ಲ. ಪ್ಯಾಚ್ ಬರೆದವರನ್ನು ಬಿಟ್ಟು ಬೇರೆ ಯಾರು ಬೇಕಾದರೂ ಅದನ್ನು ಪರಿಶೀಲಿಸಿ ‘ರೆಡಿ ಫಾರ್ ಚೆಕಿನ್’ (ಸೇರಿಸಲು ಸಿದ್ಧ) ಎನ್ನಬಹುದು. ನನ್ನದಕ್ಕೆ ಹಾಗೆಂದವರು ಯಾರೆಂದು ಇಂದಿಗೂ ಅವರ ಯೂಸರ್‌ನೇಮ್ ಬಿಟ್ಟರೆ ತಿಳಿಯದು. ಕೊನೆಗೆ ಮರ್ಜ್ ಮಾಡಿದ್ದು ಫೆಲೋ ಒಬ್ಬರು. ಫೆಲೋಗಳಿಗೆ ಜ್ಯಾಂಗೋ ಸಾಫ್ಟ್‌ವೇರ್ ಫೌಂಡೇಶನ್ 2014ರಿಂದ ದೇಣಿಗೆಯ ಹಣದಲ್ಲಿ ಸಂಬಳ ಕೊಡುತ್ತಿದೆ. ಆ ದೇಣಿಗೆ ಕೊಟ್ಟವರಿಗೂ ಸಲ್ಲಬೇಕು ಈ ಕೃತಜ್ಞತೆ. ಅಡ್ಮಿನ್ ಪುಟಗಳನ್ನು ಕನ್ನಡಕ್ಕೆ ತಂದ ಅನುವಾದಕರಿಗೂ.

ನಮ್ಮ ಟೀಮಿನ ಮೇಡಂ ಅವರನ್ನು ಬಿಡುವಂತಿಲ್ಲ. ‘ಇದರ ಮೇಲೆ ಎಷ್ಟೊಂದು ಪ್ರಾಜೆಕ್ಟ್ ಮಾಡಿ ದುಡ್ಡು ತಗೊಂಡಿದ್ದೀವಿ, ಶುಕ್ರವಾರ ಮಧ್ಯಾಹ್ನ ನೀನು ಇದನ್ನೇ ಮಾಡಪ್ಪ’ ಅಂದುಬಿಟ್ಟರು. ಕ್ಲೈಂಟ್ ಕಾಲ್ ಬಂದಾಗಲೂ ಆ ಮಾತು ತಪ್ಪಲಿಲ್ಲ.

ಈಗ ನಾನೂ ಬೇರೆಯವರ ಪ್ಯಾಚ್ ಓದಲು ಕೂತಿದ್ದೇನೆ. ಬರೆಯುವುದಕ್ಕಿಂತ ಕಷ್ಟ, ಮಾರಾಯ್ರೆ. ಮೈಸೂರಿನಲ್ಲಿ ಶುರು ಮಾಡುವ ಮನಸ್ಸಿರುವವರು ‘ಈಸಿ ಪಿಕಿಂಗ್ಸ್’ (ಸುಲಭದ ಕೆಲಸ) ಗುರುತಿರುವ ಒಂದು ಟಿಕೆಟ್ ಆರಿಸಿಕೊಂಡು ಹೇಳಿ. ಟೆಸ್ಟ್ ಸೂಟ್ ಓಡುವವರೆಗೆ ಪಕ್ಕದಲ್ಲಿ ಕೂರುತ್ತೇನೆ.