ಕೊಳಲು ಮತ್ತು ಪಿಟೀಲು ಧ್ವನಿಗಳಲ್ಲಿ ನಿಲ್ಲಿಸಲಾಗದ ವೈಬ್ರೇಟೊ: ದೂರು

ಇವರಿಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ಮಾನ್ಯರೇ,

ಉಡುಪಿಯಲ್ಲಿ ಕರ್ನಾಟಕ ಸಂಗೀತ ಕಲಿಸುವ ನಾನು, ಮಕ್ಕಳ ಮನೆ ಅಭ್ಯಾಸಕ್ಕೆಂದು ಸರಳೆ ವರಸೆ, ಜಂಟಿ ವರಸೆ, ಅಲಂಕಾರಗಳನ್ನು ಮಿಡಿಯಲ್ಲಿ (ಕಂಪ್ಯೂಟರಿಗೆ ಸ್ವರಸೂಚನೆ ಕೊಡುವ ವಿಧಾನದಲ್ಲಿ) ಬರೆದು, ಧ್ವನಿಕಡತಗಳನ್ನಾಗಿ ಮಾಡಿ ಕೊಡುತ್ತೇನೆ. ಇದಕ್ಕಾಗಿಯೇ ನಿಮ್ಮ ಸೌಂಡ್‌ಫಾಂಟ್ ವಾದ್ಯಸಂಗ್ರಹವನ್ನು (ಮುದ್ರಿತ ಧ್ವನಿಮಾದರಿಗಳಿಂದ ವಾದ್ಯಗಳನ್ನು ನುಡಿಸುವ ಕಡತ) ಹಣ ಕೊಟ್ಟು ಪಡೆದಿದ್ದೇನೆ. ಅದರ ಕೊಳಲು ಮತ್ತು ಪಿಟೀಲಿನ ಯಾವ ಸ್ವರವನ್ನು ಹಿಡಿದು ನಿಲ್ಲಿಸಿದರೂ ವೈಬ್ರೇಟೊ, ಅಂದರೆ ಸ್ವರದ ನಡುಕ, ತಾನಾಗಿಯೇ ಸೇರಿಕೊಳ್ಳುತ್ತಿದೆ.

ಮಾಡ್ಯುಲೇಶನ್ ಚಕ್ರವನ್ನು (ಕೀಬೋರ್ಡಿನಲ್ಲಿ ವೈಬ್ರೇಟೊ ಹೆಚ್ಚುಕಡಿಮೆ ಮಾಡುವ ಚಕ್ರ) ಸೊನ್ನೆಗೆ ಇಳಿಸಿ ಎಂಬುದಷ್ಟೇ ನಿಮ್ಮ ಸಹಾಯ ವಿಭಾಗದಿಂದ ಬಂದ ಉತ್ತರ. ನಾನು ಕೀಬೋರ್ಡನ್ನೇ ಜೋಡಿಸದೆ, ಕಡತದ ಆರಂಭದಲ್ಲಿ 121ನೇ ಮಿಡಿ ನಿಯಂತ್ರಕದಿಂದ ಎಲ್ಲವನ್ನೂ ಮೊದಲ ಸ್ಥಿತಿಗೆ ತಂದು, ಆ ಚಕ್ರದ್ದೇ ಆದ 1ನೇ ನಿಯಂತ್ರಕವನ್ನೂ ಚಾನೆಲ್ ಒತ್ತಡವನ್ನೂ (ಕೀಲಿಯನ್ನು ಒತ್ತಿ ಹಿಡಿದ ಬಲದ ಸೂಚನೆ) ಸೊನ್ನೆಗಿಟ್ಟು, ವೈಬ್ರೇಟೊದ ಆಳಕ್ಕೆಂದಿರುವ 77ನೇ ನಿಯಂತ್ರಕವನ್ನೂ ಸೊನ್ನೆ ಮಾಡಿ ನೋಡಿದ್ದೇನೆ. ಯಾವ ಬದಲಾವಣೆಯೂ ಆಗಲಿಲ್ಲ. ಸೌಂಡ್‌ಫಾಂಟ್‌ನ ಮೂಲ ನಿಯಮದಂತೆ ಚಕ್ರವನ್ನು ಪೂರ್ತಿ ಏರಿಸಿದಾಗ 50 ಸೆಂಟ್‌ಗಳಷ್ಟು, ಅಂದರೆ ಅಕ್ಕಪಕ್ಕದ ಎರಡು ಸ್ವರಸ್ಥಾನಗಳ ಅಂತರದ ಅರ್ಧದಷ್ಟು, ಆಂದೋಲನ ಬರಬೇಕೇ ಹೊರತು ಸೊನ್ನೆಯಲ್ಲಿದ್ದಾಗ ಅಲ್ಲ.

ಎರಡು ವಾದ್ಯಗಳ ದೋಷಕ್ಕೂ ಕಾರಣ ಒಂದೇ ಅಲ್ಲ. ಪಿಟೀಲಿನಲ್ಲಿ ಆಂದೋಲನ ತುಸು ತಡವಾಗಿ ಶುರುವಾಗುತ್ತದೆ ಮತ್ತು ಎಲ್ಲ ಕೀಲಿಗಳಲ್ಲೂ ಅದರ ವೇಗ ಒಂದೇ. ಕಡತವನ್ನು ಸೌಂಡ್‌ಫಾಂಟ್ ಸಂಪಾದಕದಲ್ಲಿ ತೆರೆದು, ವೈಬ್ರೇಟೊ ಆಂದೋಲಕದಿಂದ (ನಡುಕ ಹುಟ್ಟಿಸುವ ಭಾಗದಿಂದ) ಶ್ರುತಿಗೆ ಕೊಟ್ಟಿದ್ದ ಬೆಲೆಯನ್ನು ಸೊನ್ನೆ ಮಾಡಿದೊಡನೆ ಅದು ನಿಂತುಹೋಯಿತು. ನೀವು ಮಾಡಿ ಕಳುಹಿಸಬೇಕಾಗಿದ್ದ ಕೆಲಸ ಇಷ್ಟು ಚಿಕ್ಕದು. ಕೊಳಲಿನದು ಹಾಗಲ್ಲ. ಒಂದೇ ಧ್ವನಿಮಾದರಿಯನ್ನು ಹಲವು ಕೀಲಿಗಳಿಗೆ ಹಂಚಿರುವ ಕಡೆಯೆಲ್ಲ ಸ್ವರ ಏರಿದಂತೆ ಕಂಪನವೂ ಚುರುಕಾಗುತ್ತಾ ಹೋಗಿ, ಮುಂದಿನ ಮಾದರಿ ಆರಂಭವಾಗುವ ಕೀಲಿಯಲ್ಲಿ ಥಟ್ಟನೆ ಮತ್ತೆ ನಿಧಾನವಾಗುತ್ತದೆ. ಧ್ವನಿಮುದ್ರಣದ ಹೊತ್ತಿಗೆ ವಾದಕರು ಉಸಿರಿನಿಂದ ಕೊಟ್ಟ ಕಂಪನ ಮಾದರಿಯೊಳಗೇ ಉಳಿದಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ. ಇದನ್ನು ಯಾವ ನಿಯಂತ್ರಕವೂ ತೆಗೆಯಲಾರದು. ಶ್ರುತಿ ಸರಿಪಡಿಸುವ ತಂತ್ರಾಂಶದಿಂದ ಸ್ವರವನ್ನು ನೇರವಾಗಿಸಿದರೂ, ಕೊಳಲಿನ ವೈಬ್ರೇಟೊದಲ್ಲಿ ಶ್ರುತಿಯ ಜೊತೆಗೆ ನಾದದ ಬಲವೂ ಏರಿಳಿಯುವುದರಿಂದ ಆ ಮಿಡಿತ ಹಾಗೆಯೇ ಕೇಳಿಸುತ್ತಿರುತ್ತದೆ.

ಇದರಿಂದ ಪಾಠಕ್ಕೆ ಆಗುವ ಹಾನಿಯನ್ನು ನೀವು ಅರಿಯಬೇಕೆಂಬುದು ನನ್ನ ಕಳಕಳಿ. ಷಡ್ಜ ಮತ್ತು ಪಂಚಮ ಅಚಲ ಸ್ವರಗಳು. ಮಾಯಾಮಾಳವಗೌಳ ರಾಗದ ಮೊದಲ ವರಸೆಯಲ್ಲಿ ಮಗು ಅವುಗಳ ಮೇಲೆ ಅಲುಗದೆ ನಿಲ್ಲುವುದನ್ನೇ ಕಲಿಯಬೇಕು. ಮಂಗಳೂರಿನ ಫ್ಲ್ಯಾಟಿನಲ್ಲೋ ಕೊಲ್ಲಿ ದೇಶದಲ್ಲೋ ಇದ್ದುಕೊಂಡು ನನ್ನಲ್ಲಿ ಆನ್‌ಲೈನ್ ಕಲಿಯುವ ಮಕ್ಕಳಿಗೆ ವಾರವಿಡೀ ಜೊತೆಗಿರುವುದು ಈ ಧ್ವನಿಕಡತವೇ. ಅದು ನಡುಗಿದರೆ ಅವರ ಕಂಠವೂ ಆ ನಡುಕವನ್ನೇ ಅನುಸರಿಸುತ್ತದೆ. ದೊಡ್ಡ ವಿದ್ಯಾರ್ಥಿಗಳಿಗಾಗಿ ತೋಡಿ ರಾಗದ ಗಾಂಧಾರದ ಗಮಕವನ್ನು ನಾನು ಪಿಚ್ ಬೆಂಡ್ (ಶ್ರುತಿಯನ್ನು ಏರಿಳಿಸುವ) ರೇಖೆಯಿಂದ, ತಾಳದ ನಡೆಗೆ ಹೊಂದುವಂತೆ, ಕೈಯಾರೆ ಎಳೆದು ತಿದ್ದುತ್ತೇನೆ. ಅದರ ಮೇಲೆ ನಿಮ್ಮ ಕಂಪನವೂ ಬಂದು ಕೂತರೆ ಗಮಕದ ಆಕಾರವೇ ಕೆಟ್ಟುಹೋಗುತ್ತದೆ. ವೈಬ್ರೇಟೊ ಬೇಕೆನ್ನುವವರು ಸೇರಿಸಿಕೊಳ್ಳಲೆಂದೇ ಚಕ್ರವಿದೆ. ಬೇಡವೆನ್ನುವವರಿಗೆ ನೀವು ದಾರಿಯನ್ನೇ ಬಿಟ್ಟಿಲ್ಲ. ಮಾರಾಟದ ವಿವರಣೆಯಲ್ಲಿಯೂ ಈ ವಿಷಯದ ಒಂದು ಮಾತಿಲ್ಲ.

ಆದ್ದರಿಂದ ಪಿಟೀಲಿನ ಆಂದೋಲಕವನ್ನು ಸೊನ್ನೆಗಿಟ್ಟ ಪರಿಷ್ಕೃತ ಕಡತವನ್ನು ಕೂಡಲೇ ಎಲ್ಲ ಗ್ರಾಹಕರಿಗೂ ಕಳುಹಿಸಬೇಕು, ಕೊಳಲನ್ನು ಕಂಪನವಿಲ್ಲದೆ ಮತ್ತೆ ಮುದ್ರಿಸಿ ಕೊಡಬೇಕು, ಅದು ಆಗದಿದ್ದರೆ ನನ್ನ ಹಣವನ್ನು ಪೂರ್ತಿಯಾಗಿ ಹಿಂತಿರುಗಿಸಬೇಕು ಎಂದು ಕೋರುತ್ತೇನೆ. ವಿಜಯದಶಮಿಯಂದು ಹೊಸ ಮಕ್ಕಳ ಪಾಠ ಆರಂಭವಾಗುವುದರಿಂದ ಅದಕ್ಕೂ ಮೊದಲು ಲಿಖಿತ ಉತ್ತರ ಬೇಕು. ಒಂದೇ ಧ್ವನಿಮಾದರಿಯನ್ನು ಅಕ್ಕಪಕ್ಕದ ಕೀಲಿಗಳಲ್ಲಿ ನುಡಿಸಿದ ಧ್ವನಿಕಡತಗಳನ್ನೂ ಖರೀದಿಯ ರಸೀದಿಯನ್ನೂ ಲಗತ್ತಿಸಿದ್ದೇನೆ. ಉತ್ತರ ಬಾರದಿದ್ದಲ್ಲಿ, ಗ್ರಾಹಕರು ತಾವು ವಾಸಿಸುವ ಊರಿನಲ್ಲಿಯೇ ದೂರು ಸಲ್ಲಿಸಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಕೊಟ್ಟಿರುವ ಅವಕಾಶದಂತೆ ಜಿಲ್ಲಾ ಗ್ರಾಹಕ ಆಯೋಗದ ಮುಂದೆ ಹೋಗುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಸಂಗೀತ ಶಿಕ್ಷಕಿ, ಉಡುಪಿ