ಏನೋ ತಿಂದಿದ್ದಾನೆ, ಹೊಟ್ಟೆ ಕೆಟ್ಟಿದೆ

ಮಾರಾಯ,

ನಿನ್ನನ್ನು ಕೇಳಿಯೇ ಬರೆಯುತ್ತಿದ್ದೇನೆ. "ಹೆಸರು ಹಾಕಬೇಡ, ಉಳಿದದ್ದು ನಿನ್ನಿಷ್ಟ" ಅಂದಿದ್ದೆ. ಛತ್ರಿ ವಿಷಯ ಎತ್ತಬಾರದು ಅಂತಲೂ ಹೇಳಿದ್ದೆ. ಎತ್ತುವುದಿಲ್ಲ.

ಓದುತ್ತಿರುವ ಉಳಿದವರಿಗೆ: ಇವನಿಗೆ ಕ್ರೋನ್ಸ್ ಕಾಯಿಲೆ. ಮೈ ಕಾಯಬೇಕಾದ ಪಡೆಯೇ ಕರುಳಿನ ಮೇಲೆ ತಿರುಗಿ ಬಿದ್ದು ಹುಣ್ಣು ಮಾಡುತ್ತದೆ. ಅಂಟುರೋಗವಲ್ಲ. ಪೂರ್ತಿ ವಾಸಿಯೂ ಆಗುವುದಿಲ್ಲ. ಮದ್ದು ಕೊಟ್ಟು ಮಲಗಿಸಿ ಇಡಬಹುದು, ಯಾವಾಗ ಏಳುತ್ತದೋ ಹೇಳಲು ಬರುವುದಿಲ್ಲ. ದಯವಿಟ್ಟು ಮೆಂತ್ಯ ನೆನೆಸಿ ಕುಡಿಯಲು ಹೇಳಬೇಡಿ. ನಾನೇ ಹೇಳಿ ಬೈಸಿಕೊಂಡಿದ್ದೇನೆ.

ನಮ್ಮ ದೇಶದಲ್ಲಿ ಕರುಳಿನ ಟಿಬಿಯೂ ಇದೆಯಲ್ಲ, ಎರಡೂ ನೋಡಲು ಒಂದೇ ಥರ. ಹಾಗಾಗಿ ನಿನಗೆ ಮೊದಲು ತಿಂಗಳುಗಟ್ಟಲೆ ಟಿಬಿ ಮಾತ್ರೆಯೇ ಆಯಿತು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದ ದಿನ "ಬಾಟಲಿಗೆ ತುಂಬಿಸಿ ಮಾರೋಣವಾ" ಅಂತ ಫೋನ್ ಮಾಡಿದ್ದೆ ನೀನು. ಆಮೇಲೆ ಸರಿಯಾದ ಹೆಸರು ಗೊತ್ತಾಯಿತು. 1932ರಲ್ಲಿ ನ್ಯೂಯಾರ್ಕಿನ ಮೂವರು ಡಾಕ್ಟರು ಸೇರಿ ಇದರ ಬಗ್ಗೆ ಬರೆದರಂತೆ. ಇಂಗ್ಲಿಷ್ ಅಕ್ಷರಮಾಲೆಯ ಲೆಕ್ಕದಲ್ಲಿ ಕ್ರೋನ್ ಮೊದಲು, ಒಪನ್‌ಹೈಮರ್ ಕೊನೆಗೆ; ಹಾಗಾಗಿ ಕಾಯಿಲೆಗೆ ಕ್ರೋನ್ ಹೆಸರೇ ನಿಂತಿತು. ಈ ಒಪನ್‌ಹೈಮರ್ ಅಣುಬಾಂಬಿನವನಲ್ಲ, ಬೇರೆಯವನು. "ಅನ್ಯಾಯ, ನನ್ನ ಹೊಟ್ಟೆಗೆ ಒಪ್ಪುತ್ತಿದ್ದದ್ದು ಆ ಹೆಸರೇ" ಅಂದೆ.

ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡುವ ಕೊಲೊನೋಸ್ಕೋಪಿಯ ಹಿಂದಿನ ರಾತ್ರಿ ಪಕ್ಕದಲ್ಲಿ ಕೂತು, ಹೊಟ್ಟೆ ಖಾಲಿ ಮಾಡಿಸುವ ಆ ಉಪ್ಪುಪ್ಪು ನೀರನ್ನು ಗ್ಲಾಸು ಎಣಿಸಿ ಕುಡಿಸಿದ್ದೇನೆ. ಇದನ್ನು ಊರಿಗೆಲ್ಲ ಹೇಳಿಯೂ ಆಗಿದೆ. ಸ್ಟೀರಾಯ್ಡ್‌ನಿಂದ ನಿನ್ನ ಮುಖ ಊದಿದಾಗ "ಮದುವೆ ಕಳೆ ಬಂದಿದೆ" ಅಂದದ್ದನ್ನು ಮಾತ್ರ ಯಾರಿಗೂ ಹೇಳಿಲ್ಲ.

ಹೋದ ತಿಂಗಳು ಪುತ್ತೂರಿನಿಂದ ಬರುವಾಗ ರೈಲು ಅಂದವನು ನೀನು, ಬಸ್ಸು ಅಂದವನು ನಾನು. ಹಿಂದಿನ ರಾತ್ರಿಯಿಂದ ನೀನು ಏನೂ ತಿಂದಿರಲಿಲ್ಲ. ಪ್ರಯಾಣ ಇದ್ದಾಗಲೆಲ್ಲ ಹೀಗೇ ಅಂತೆ. ಇಷ್ಟು ವರ್ಷದಲ್ಲಿ ನನಗೆ ಗೊತ್ತೇ ಇರಲಿಲ್ಲ. ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವಾಗ ನನ್ನ ಕೈ ಹಿಡಿದು "ಡ್ರೈವರಿಗೆ ಹೇಳು" ಅಂದೆ.

ನಾನು ಏಳಲಿಲ್ಲ. ತುಂಬಿದ ಬಸ್ಸು. ಎಲ್ಲರೆದುರು ಹೇಗೆ ಹೇಳುವುದು ಅಂತ ಮಾತು ಜೋಡಿಸುತ್ತಾ ಕೂತೆ. ಕೊನೆಗೆ ನೀನೇ ಎದ್ದು ಹೋದೆ. ಪಾಪ, ಡ್ರೈವರು ಒಂದು ಮಾತೂ ಕೇಳದೆ ಬದಿಗೆ ಹಾಕಿದರು. ಪಕ್ಕದ ಅಜ್ಜಿ "ಹುಷಾರಿಲ್ವಾ ಅವರಿಗೆ?" ಅಂದರು. ನಾನು ನಕ್ಕು ಹೇಳಿದೆ, "ಏನೋ ತಿಂದಿದ್ದಾನೆ, ಹೊಟ್ಟೆ ಕೆಟ್ಟಿದೆ."

ಹತ್ತುತ್ತಿದ್ದ ನಿನಗೆ ಅದು ಕೇಳಿಸಿತು. ನೀನು ಸುಮ್ನೆ ಬಂದು ಕೂತೆ.

ನಾಚಿಕೆ ಆದದ್ದು ನಿನ್ನ ಕಾಯಿಲೆಗಲ್ಲ ಅಂತ ಇಲ್ಲಿ ಬರೆದಿದ್ದೆ. ಅಳಿಸಿದೆ. ಅದಕ್ಕೇ ಆಗಿತ್ತು. ಇನ್ನು ಇವನ ಜೊತೆ ಎಲ್ಲಿಗೂ ಹೋಗುವುದು ಬೇಡಪ್ಪ ಅಂತಲೂ ಅನ್ನಿಸಿತು, ಸಕಲೇಶಪುರದವರೆಗೂ. ಹಾಸನದಲ್ಲಿ ನೀನು ಏನೂ ಆಗದವನ ಹಾಗೆ ನನಗೆ ಕಾಫಿ ತಂದುಕೊಟ್ಟೆ. ನಿನಗೆ ತಂದುಕೊಳ್ಳಲಿಲ್ಲ. ಆ ಕಾಫಿ ಕುಡಿದೆ ನೋಡು, ಅದೇ ಈಗ ನಿದ್ದೆ ಕೆಡಿಸುತ್ತಿದೆ.

ಇಷ್ಟೆಲ್ಲ ಬರೆಯಬೇಕು ಅಂತ ಇರಲಿಲ್ಲ. ಮಳೆ ಬೇರೆ ಹಿಡಿದಿದೆ, ಅದರದ್ದೇ ತಪ್ಪು ಅಂದುಕೊ.

ಮುಂದಿನ ಸಲಕ್ಕೆ ರೈಲು ಟಿಕೆಟ್ ಮಾಡಿಸಿದ್ದೇನೆ. ಶೌಚಾಲಯದ ಪಕ್ಕದ ಸೀಟು ಸಿಕ್ಕರೆ ವಾಸನೆ ಅಂತ ನನ್ನನ್ನು ಬೈಯಬೇಡ. ಬಸ್ಸೇ ಗತಿಯಾದರೆ ಇರಲಿ ಅಂತ ಕನ್ನಡಿ ಮುಂದೆ ನಿಂತು "ಅಣ್ಣಾ, ಸ್ವಲ್ಪ ನಿಲ್ಸಿ" ಅನ್ನುವುದನ್ನು ಅಭ್ಯಾಸ ಮಾಡುತ್ತಿದ್ದೇನೆ. ನನ್ನ ಹೆಂಡತಿ ಹೊರಗಿನಿಂದ ಕೇಳಿ, ಸ್ನಾನದ ಮನೆಯಲ್ಲಿ ಯಾರಿದ್ದಾರೆ ಅಂತ ಹೆದರಿದಳು.

ನಿನ್ನವ

ತಾ.ಕ.: ಛತ್ರಿ ನನ್ನ ಹತ್ತಿರವೇ ಇದೆ.